ಎಂಟು ಸೆಕೆಂಡಿಗೆ ಉಸಿರು ಬಿಡುವ ಮೆಲೊಟ್ರಾನ್: ಇದರ ಹುಚ್ಚು ಯಾಕೆ ಬಿಡೋದಿಲ್ಲ?

ಗಿರಿನಗರದ_ಕಿವಿ | ಶನಿವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಒಂದು ಜಗಳ ಬಗೆಹರಿಸಿಕೊಡಿ.

ನಾವು ನಾಲ್ಕು ಜನ ಶನಿವಾರ ಸಂಜೆ ಸೇರಿ ಎಪ್ಪತ್ತರ ದಶಕದ ಪ್ರೋಗ್ ರಾಕ್ (ಉದ್ದುದ್ದ, ತಿರುವುಗಳಿರುವ ರಾಕ್ ಹಾಡುಗಳು) ನುಡಿಸುತ್ತೇವೆ. ಕೇಳುವವರು ನಾವೇ, ಆಮೇಲೆ ಕೆಳಗಿನ ಮನೆಯವರು. ಅವರಿಗೆ ಬೇರೆ ದಾರಿ ಇಲ್ಲ. ಈ ತಿಂಗಳು ಕಿಂಗ್ ಕ್ರಿಮ್ಸನ್ ತಂಡದ 'ಸ್ಟಾರ್‌ಲೆಸ್' ಹಿಡಿದುಕೊಂಡಿದ್ದೇವೆ. 1974ರ 'ರೆಡ್' ಆಲ್ಬಮ್ಮಿನ ಕೊನೆಯ ಹಾಡು. ಶುರುವಿನಲ್ಲಿ ನಿಧಾನಕ್ಕೆ ತಂತಿವಾದ್ಯಗಳ ಸ್ವರ ತೆರೆದುಕೊಳ್ಳುತ್ತದೆ, ಗೊತ್ತಲ್ಲ, ಅದು ನನ್ನ ಪಾಲು.

ಮೊದಲು ದುಡ್ಡು ಕೊಟ್ಟು ತಂದಿದ್ದ ದೊಡ್ಡ ಸ್ಟ್ರಿಂಗ್ ಲೈಬ್ರರಿಯಲ್ಲಿ (ಕಂಪ್ಯೂಟರಿನಲ್ಲಿ ನುಡಿಸುವ ತಂತಿವಾದ್ಯಗಳ ರೆಕಾರ್ಡಿಂಗ್) ನುಡಿಸಿದೆ. ಅರವತ್ತು ಜನರ ಆರ್ಕೆಸ್ಟ್ರಾ, ಶುದ್ಧ ಶ್ರುತಿ, ಒಂದು ಕೊಂಕಿಲ್ಲ. ಧಾರಾವಾಹಿಯಲ್ಲಿ ಅತ್ತೆ ಅಳುವಾಗ ಬರುವ ಸಂಗೀತದ ಹಾಗೆ ಕೇಳಿಸಿತು. ಆಮೇಲೆ ಮೆಲೊಟ್ರಾನ್ ಅನ್ನುವ ಹಳೇ ಟೇಪ್ ಕೀಬೋರ್ಡಿನ ದನಿಗೆ ಬದಲಾಯಿಸಿದೆ. ಅದೇ ಸ್ವರ, ಅದೇ ಬೆರಳು. ಮೈ ಜುಂ ಅಂತು. ಡ್ರಮ್ಮರ್ ಮಾತ್ರ "ಇದೇನಪ್ಪಾ, ಪಿಟೀಲಿಗೆ ನೆಗಡಿಯಾ?" ಅಂದ.

ನನ್ನ ಪ್ರಶ್ನೆ ಇಷ್ಟೇ. ಶ್ರುತಿ ನೆಟ್ಟಗೆ ನಿಲ್ಲದ, ಮಂಕು ದನಿಯ ಈ ಹಳೇ ಟೇಪ್ ಡಬ್ಬ ಯಾಕೆ ಇಷ್ಟು ಕಾಡುತ್ತದೆ? ನನಗೆ ವಯಸ್ಸಾಯಿತು ಅಂತಲೋ, ಅಥವಾ ನಿಜಕ್ಕೂ ಅದರಲ್ಲಿ ಏನಾದರೂ ಇದೆಯೋ?

ಮೊಸರನ್ನ | 11:52

ಡ್ರಮ್ಮರ್ ಬದಲಾಯಿಸಿ. ಮುಗೀತು.

ಸಿಂಥ್_ಸುಮಾ | ಭಾನುವಾರ ಬೆಳಿಗ್ಗೆ 7:15

ಗುರುಗಳೇ, ಬೇಜಾರಾಗಬೇಡಿ. ನಿಮಗೆ ಆಗಿರುವುದು ಹಳೇ ಫೋಟೊ ನೋಡಿದಾಗ ಆಗುವ ಸಂಕಟ, ಅಷ್ಟೇ. ನೀವು ಹದಿನೆಂಟನೇ ವಯಸ್ಸಿನಲ್ಲಿ ಮೆಲೊಟ್ರಾನ್ ಇರುವ ಹಾಡು ಕೇಳಿ ಬೆರಗಾಗಿದ್ದಿರಿ. ಈಗ ಆ ದನಿ ಬಂದ ಕೂಡಲೇ ಮನಸ್ಸು ಅಲ್ಲಿಗೆ ಓಡುತ್ತದೆ. ನಾನು ಜಾಹೀರಾತಿಗೆ ಸಂಗೀತ ಮಾಡುವವಳು. ಗ್ರಾಹಕರು "ಸ್ವಲ್ಪ ಹಳೇ ಕಾಲದ ಫೀಲ್ ಬೇಕು" ಅಂದರೆ ನಾನೂ ಇದೇ ಕೊಳಲಿನ ದನಿ ಹಾಕುತ್ತೇನೆ. ಕೆಲಸ ಆಗುತ್ತದೆ. ಅದರಲ್ಲಿ ಮಾಯೆ ಮಂತ್ರ ಏನಿಲ್ಲ.

ಬಜ್ಪೆ_ಬಾಯ್ | 8:02

ಮಾರಾಯ್ರೇ, ಈ ಮೆಲೊಟ್ರಾನ್ ಅಂದರೆ ಹಳೇ ಹಿಂದಿ 'ನಾಗಿನ್' ಸಿನಿಮಾದಲ್ಲಿ ಪುಂಗಿ ನುಡಿಸಿದ್ದು ಅದೇ ಅಲ್ವಾ? ಎಲ್ಲೋ ಓದಿದ ನೆನಪು.

ಹಳೇಪೇಟೆ_ರೇಡಿಯೊ | 8:30

ಅಲ್ಲ. 1954ರ 'ನಾಗಿನ್'ನಲ್ಲಿ ಕಲ್ಯಾಣ್‌ಜಿ ನುಡಿಸಿದ್ದು ಕ್ಲೇವಿಯೋಲೀನ್. ಅದು ವಾಲ್ವ್ ಇರುವ ಎಲೆಕ್ಟ್ರಾನಿಕ್ ಕೀಬೋರ್ಡ್, ಒಂದು ಸಲಕ್ಕೆ ಒಂದೇ ಸ್ವರ. ಮೆಲೊಟ್ರಾನ್ ಹುಟ್ಟಿದ್ದೇ 1963ರಲ್ಲಿ, ಮತ್ತು ಅದು ಸ್ವರವನ್ನು ತಾನೇ ಹುಟ್ಟಿಸುವುದಿಲ್ಲ. ಯಾರೋ ನುಡಿಸಿದ್ದನ್ನು ಟೇಪಿನಿಂದ ತೆಗೆದು ಕೇಳಿಸುತ್ತದೆ.

ಪ್ರತಿ ಕೀ ಕೆಳಗೆ ಒಂದು ಟೇಪ್ ತುಂಡು. 'ಸ' ಒತ್ತಿದರೆ ಯಾರೋ ಒಬ್ಬ ಕೊಳಲು ವಾದಕ 'ಸ' ಊದಿದ್ದು ಕೇಳುತ್ತದೆ. 'ರಿ' ಒತ್ತಿದರೆ ಅವನೇ ಉಸಿರು ತೆಗೆದುಕೊಂಡು ಬೇರೆಯಾಗಿ ಊದಿದ 'ರಿ'. ಸುಮಾರು ಎಂಟು ಸೆಕೆಂಡು ಆದ ಮೇಲೆ ಟೇಪ್ ಮುಗಿಯುತ್ತದೆ, ದನಿ ಕಟ್. ಕೈ ಎತ್ತಿದರೆ ಸ್ಪ್ರಿಂಗ್ ಅದನ್ನು ಸರ್ರನೆ ವಾಪಸ್ ಎಳೆಯುತ್ತದೆ.

ಬಜ್ಪೆ_ಬಾಯ್ | 8:34

ಅಂದರೆ 35 ಕೀ ಇದ್ದರೆ 35 ಟೇಪ್‌ರೆಕಾರ್ಡರ್?! ಯಾರಿಗೆ ಬಂತು ಮಾರಾಯ್ರೇ ಈ ಬುದ್ಧಿ?

ಟೇಪ್‌ರಿಪೇರಿ_ರಾಜಣ್ಣ | 10:20

ಹೆಚ್ಚು ಕಮ್ಮಿ ಹಾಗೇ ಸ್ವಾಮಿ. ಆದರೆ ಮೋಟಾರ್ ಒಂದೇ. ತಮಾಷೆ ಇರುವುದೇ ಅಲ್ಲಿ.

ನಾನು ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷ ಟೇಪ್‌ರೆಕಾರ್ಡರ್, ಡೆಕ್ಕು, ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಮೆಲೊಟ್ರಾನ್ ಕಣ್ಣಾರೆ ಕಂಡಿಲ್ಲ. ಆದರೆ ಅದರ ಒಳಗಿನ ಚಿತ್ರ ನೋಡಿದಾಗ ನಮ್ಮ ಮನೆ ಮಗಳನ್ನೇ ಬೇರೆ ಊರಲ್ಲಿ ನೋಡಿದ ಹಾಗಾಯಿತು. ಕೀಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆಯ ಕ್ಯಾಪ್‌ಸ್ಟನ್ ಸರಳು ಸದಾ ತಿರುಗುತ್ತಿರುತ್ತದೆ. ಪ್ರತಿ ಕೀಗೂ ಅದರದ್ದೇ ಪಿಂಚ್ ರೋಲರ್ (ರಬ್ಬರ್ ಗಾಲಿ), ಟೇಪಿನ ದನಿ ಓದುವ ಅದರದ್ದೇ ಹೆಡ್, ಟೇಪನ್ನು ಹೆಡ್ಡಿಗೆ ಒತ್ತುವ ಅದರದ್ದೇ ಪ್ಯಾಡ್. ಕೀ ಒತ್ತಿದಾಗ ರೋಲರ್ ಟೇಪನ್ನು ಸರಳಿಗೆ ಒತ್ತುತ್ತದೆ, ಟೇಪ್ ಓಡಲು ಶುರು. ಓಡಿದ ಟೇಪ್ ಕೆಳಗಿನ ಡಬ್ಬಿಯೊಳಗೆ ಬೀಳುತ್ತದೆ. ವೇಗ ಸೆಕೆಂಡಿಗೆ ಏಳೂವರೆ ಇಂಚು. ಎಂಟು ಸೆಕೆಂಡಿಗೆ 60 ಇಂಚು, ಅಂದರೆ ಕೀಗೆ ಐದಡಿ ಟೇಪು. ಲೆಕ್ಕ ಹಾಕಿ, ಒಂದು ಪೆಟ್ಟಿಗೆಯೊಳಗೆ 175 ಅಡಿ!

ಈಗ ಒಂದು ಕೀ ಒತ್ತಿದರೆ ಮೋಟಾರಿಗೆ ಒಂದು ರೋಲರ್ ಭಾರ. ಎರಡೂ ಕೈ ಹಾಕಿ ಎಂಟು ಕೀ ಒತ್ತಿದರೆ ಎಂಟರ ಭಾರ. ಮೋಟಾರ್ ಏದುಸಿರು ಬಿಡುತ್ತದೆ, ವೇಗ ಒಂದಿಷ್ಟು ಇಳಿಯುತ್ತದೆ, ಸ್ವರವೂ ಇಳಿಯುತ್ತದೆ. 'ನೆಗಡಿ' ಅಂದರಲ್ಲ, ಅದು ನೆಗಡಿ ಅಲ್ಲ, ದಮ್ಮು. ವೇಗ ಹಿಡಿದಿಡುವ ಹಳೇ ಸರ್ಕ್ಯೂಟು ಇದಕ್ಕೆ ಕುಖ್ಯಾತ. ಟೂರಿಗೆ ಹೋದ ಊರಲ್ಲಿ ವೋಲ್ಟೇಜ್ ಕುಣಿದರೆ ಕಥೆ ಮುಗಿಯಿತು.

ಒಂದು ಡೆಕ್ಕಿನಲ್ಲಿ ಒಂದೇ ಪಿಂಚ್ ರೋಲರ್ ಇರುತ್ತಿತ್ತು. ಅದರ ರಬ್ಬರು ನುಣುಪಾದರೆ ಟೇಪ್ ತಿಂದು ಹಾಕುತ್ತಿತ್ತು. ನಮ್ಮಕ್ಕನ ಮದುವೆ ಕ್ಯಾಸೆಟ್ ಹಾಗೇ ಹೋಯಿತು, ಮಾಂಗಲ್ಯಧಾರಣೆ ಸರಿಯಾಗಿ ಬಂದ ಜಾಗದಲ್ಲೇ. ಪೆನ್ಸಿಲ್ ಹಾಕಿ ಸುತ್ತಿ ಎಷ್ಟು ಉಳಿಸಿದರೂ ಗಟ್ಟಿಮೇಳ ಈಗಲೂ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಭಾವ ಇವತ್ತಿಗೂ ಆಡಿಕೊಳ್ಳುತ್ತಾರೆ. ಅಂಥದ್ದು 35 ರೋಲರ್ ಇಟ್ಟುಕೊಂಡು ಸ್ಟೇಜ್ ಹತ್ತುವವರಿಗೆ ನನ್ನ ದೊಡ್ಡ ನಮಸ್ಕಾರ.

ಗಿರಿನಗರದ_ಕಿವಿ | 10:41

ರಾಜಣ್ಣ, 'ದಮ್ಮು' ಅನ್ನೋದು ನಮ್ಮ ಡ್ರಮ್ಮರ್‌ಗೆ ಹೇಳುತ್ತೇನೆ. ಒಂದು ಅನುಮಾನ: ಟೇಪಿನ ಎರಡೂ ತುದಿ ಅಂಟಿಸಿ ಲೂಪ್ ಮಾಡಿದ್ದರೆ ಎಂಟು ಸೆಕೆಂಡಿನ ಗೋಳೇ ಇರುತ್ತಿರಲಿಲ್ಲ ಅಲ್ವಾ?

ಹಳೇಪೇಟೆ_ರೇಡಿಯೊ | 11:05

ಇರುತ್ತಿರಲಿಲ್ಲ, ಆದರೆ ಸ್ವರದ ಮೊದಲ ಕಚ್ಚು ಹೋಗಿಬಿಡುತ್ತಿತ್ತು. ಕಮಾನು ತಂತಿಗೆ ತಾಗುವ ಕ್ಷಣ, ಕೊಳಲಿಗೆ ಉಸಿರು ಹೊಕ್ಕುವ 'ಫೂ'. ಲೂಪಿನಲ್ಲಿ ನೀವು ಕೀ ಒತ್ತಿದಾಗ ಟೇಪ್ ಎಲ್ಲಿರುತ್ತದೋ ಯಾರಿಗೆ ಗೊತ್ತು? ಮೆಲೊಟ್ರಾನ್‌ನಲ್ಲಿ ಪ್ರತಿ ಸಲವೂ ಟೇಪ್ ಮೊದಲಿನಿಂದಲೇ ಶುರು. ಅದಕ್ಕೇ ಸ್ಪ್ರಿಂಗ್.

ಲೂಪ್ ಪ್ರಯತ್ನವೂ ನಡೆದಿತ್ತು. ಅಮೆರಿಕದ ಡೇವ್ ಬೈರೋ ಅನ್ನುವವರು ಕಾರುಗಳಲ್ಲಿ ಬರುತ್ತಿದ್ದ 8-ಟ್ರ್ಯಾಕ್ ಟೇಪ್ ಹಾಕಿ ಬೈರೋಟ್ರಾನ್ ಅಂತ ಮಾಡಿದರು. 'ಯೆಸ್' ತಂಡದ ರಿಕ್ ವೇಕ್‌ಮನ್ ಅದಕ್ಕೆ ಸ್ವಂತ ದುಡ್ಡು ಸುರಿದರು. ಕೈಬೆರಳೆಣಿಕೆಗಿಂತ ಸ್ವಲ್ಪ ಜಾಸ್ತಿ ತಯಾರಾದವು, ಅಷ್ಟರಲ್ಲಿ ನಿಂತುಹೋಯಿತು. ಇದೇ ವೇಕ್‌ಮನ್, ಮೆಲೊಟ್ರಾನ್ ಕಾಟ ತಡೆಯಲಾರದೆ ತನ್ನದನ್ನು ಬಯಲಲ್ಲಿಟ್ಟು ಬೆಂಕಿ ಹಚ್ಚಿದೆ ಅಂತ ಹೇಳಿಕೊಂಡಿದ್ದಾರೆ.

ಮೊಸರನ್ನ | 11:09

ಬೆಂಕಿ ಹಚ್ಚಿದಾಗ ಎಂಟು ಸೆಕೆಂಡಿಗೇ ಆರಿತಾ?

ಬರ್ಮಿಂಗ್‌ಹ್ಯಾಮ್_ಭಟ್ಟರು | ಮಧ್ಯಾಹ್ನ 2:48

ಈ ಚರ್ಚೆಗೆ ನಾನು ಬರಲೇಬೇಕಾಯಿತು, ಯಾಕೆಂದರೆ ಇದು ನಾನಿರುವ ಊರಿನ ಕಥೆ. ಶಿರಸಿಯವನು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ.

ಮೂಲ ಐಡಿಯಾ ಅಮೆರಿಕದ ಹ್ಯಾರಿ ಚೇಂಬರ್ಲಿನ್ ಅವರದ್ದು. ಮನೆಯಲ್ಲಿ ಆರ್ಗನ್ ನುಡಿಸಿ ಟೇಪ್ ಮಾಡಿಕೊಳ್ಳುತ್ತಿದ್ದಾಗ ಹೊಳೆಯಿತಂತೆ: ಈ ದನಿಯನ್ನು ಒಂದು ಕೀಗೆ ಕಟ್ಟಿಬಿಟ್ಟರೆ? ನಲವತ್ತರ ದಶಕದ ಕೊನೆಯಿಂದಲೇ ಕ್ಯಾಲಿಫೋರ್ನಿಯಾದಲ್ಲಿ ಅಂಥ ಪೆಟ್ಟಿಗೆ ಮಾಡುತ್ತಿದ್ದರು. ಲಾರೆನ್ಸ್ ವೆಲ್ಕ್ ವಾದ್ಯವೃಂದದ ಕಲಾವಿದರನ್ನು ಕರೆಸಿ, ಬಟ್ಟೆ ಇಡುವ ಕೋಣೆಯಲ್ಲಿ ಕೂರಿಸಿ ರೆಕಾರ್ಡ್ ಮಾಡಿದರು. ಅವರ ಹತ್ತಿರ ಬಿಲ್ ಫ್ರಾನ್ಸನ್ ಅಂತ ಒಬ್ಬ ಸೇಲ್ಸ್‌ಮನ್ ಇದ್ದ. ಅವನು 1962ರಲ್ಲಿ ಎರಡು ಪೆಟ್ಟಿಗೆ ಹಡಗಿಗೆ ಹಾಕಿಕೊಂಡು ಇಂಗ್ಲೆಂಡಿಗೆ ಬಂದ. ಒಂದೇ ಥರದ 70 ಟೇಪ್ ಹೆಡ್ ಮಾಡಿಕೊಡುವವರು ಯಾರಿದ್ದಾರೆ ಅಂತ ಹುಡುಕಿದ. ಸಿಕ್ಕಿದ್ದು ಬರ್ಮಿಂಗ್‌ಹ್ಯಾಮ್‌ನ ಆಸ್ಟನ್‌ನಲ್ಲಿದ್ದ ಬ್ರಾಡ್‌ಮ್ಯಾಟಿಕ್. ಫ್ರಾಂಕ್, ನಾರ್ಮನ್, ಲೆಸ್ ಅಂತ ಮೂವರು ಬ್ರಾಡ್ಲಿ ಸಹೋದರರ ವರ್ಕ್‌ಶಾಪು. ಅವರು ಪೆಟ್ಟಿಗೆ ಬಿಚ್ಚಿ ನೋಡಿ, ಹೆಡ್ ಏನು, ಇಡೀ ಮೆಷಿನ್ನನ್ನೇ ಇದಕ್ಕಿಂತ ಚೆನ್ನಾಗಿ ಮಾಡಿಕೊಡುತ್ತೇವೆ ಅಂದರು.

ತನ್ನದೇ ಆವಿಷ್ಕಾರ ಅನ್ನುವ ಹಾಗೆ ಫ್ರಾನ್ಸನ್ ನಡೆದುಕೊಂಡಿದ್ದ. ಚೇಂಬರ್ಲಿನ್ ಹೆಸರು ಬ್ರಾಡ್ಲಿಗಳಿಗೆ ಗೊತ್ತಾಗಿದ್ದು ಆಮೇಲೆ.

ಬಜ್ಪೆ_ಬಾಯ್ | 2:55

ಅಯ್ಯೋ, ಇದು ಸೀದಾ ಕಳ್ಳತನ ಅಲ್ವಾ ಭಟ್ರೇ!

ಬರ್ಮಿಂಗ್‌ಹ್ಯಾಮ್_ಭಟ್ಟರು | 3:10

ಬ್ರಾಡ್ಲಿಗಳದ್ದು ಅಂತ ನಾನು ಹೇಳಲಾರೆ, ಅವರಿಗೆ ಮೊದಲು ಗೊತ್ತಿರಲಿಲ್ಲ. ಚೇಂಬರ್ಲಿನ್‌ಗೆ ಸಿಟ್ಟು ಬಂದಿದ್ದಂತೂ ಹೌದು. ಕೊನೆಗೆ ದುಡ್ಡು ಕೊಟ್ಟು ರಾಜಿ ಆಯಿತು. 1963ರಲ್ಲಿ ಮೆಲೊಟ್ರಾನಿಕ್ಸ್ ಕಂಪನಿ ಶುರುವಾದಾಗ ಬ್ರಾಡ್ಲಿಗಳ ಜೊತೆ ಸೇರಿದ್ದು ಯಾರು ಗೊತ್ತಾ? ಬಿಬಿಸಿಯಲ್ಲಿ ವಾದ್ಯವೃಂದ ನಡೆಸುತ್ತಿದ್ದ ಎರಿಕ್ ರಾಬಿನ್‌ಸನ್, ಮತ್ತೆ ಟೀವಿಯ ಜಾದೂಗಾರ ಡೇವಿಡ್ ನಿಕ್ಸನ್. ಮೆಲೊಡಿ, ಎಲೆಕ್ಟ್ರಾನಿಕ್ಸ್ ಎರಡನ್ನೂ ಸೇರಿಸಿ ಹೆಸರಿಟ್ಟರು.

ರಾಕ್ ತಂಡಗಳು ಅವರ ತಲೆಯಲ್ಲೇ ಇರಲಿಲ್ಲ. ಉಳ್ಳವರ ಮನೆಯ ಹಾಲ್‌ನಲ್ಲಿ ಇಡುವ ಆಟಿಕೆ ಅದು. ಮಾರ್ಕ್ 2 ಮಾದರಿಯಲ್ಲಿ 35-35 ಕೀಗಳ ಎರಡು ಸಾಲು ಅಕ್ಕಪಕ್ಕ. ಬಲಗಡೆ ಒಂಟಿ ಸ್ವರಗಳು. ಎಡಗಡೆ ತಯಾರಾದ ಹಿಮ್ಮೇಳ: ಒಂದು ಕೀ ಒತ್ತಿದರೆ ವಾಲ್ಟ್ಜ್ ನೃತ್ಯದ ತಾಳ, ಇನ್ನೊಂದಕ್ಕೆ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡು. ರಾಣಿಯ ತಂಗಿ ಮಾರ್ಗರೆಟ್ ಹತ್ತಿರ ಒಂದಿತ್ತು, ನಟ ಪೀಟರ್ ಸೆಲ್ಲರ್ಸ್ ಹತ್ತಿರ ಒಂದಿತ್ತು. ಬೀಟಲ್ಸ್ 1968ರಲ್ಲಿ ಮಾಡಿದ 'ಬಂಗಲೋ ಬಿಲ್' ಹಾಡಿನ ಶುರುವಿನಲ್ಲಿ ಭರ್ಜರಿ ಸ್ಪ್ಯಾನಿಷ್ ಗಿಟಾರ್ ಬರುತ್ತದಲ್ಲ, ಅದೂ ಈ ಎಡಗಡೆಯ ಟೇಪೇ. ಒಂದು ಕೀ ಒತ್ತಿದ್ದು, ಅಷ್ಟೇ.

ಸಿಂಥ್_ಸುಮಾ | 3:22

ಆ ಗಿಟಾರ್ ಭಾಗ ಕಲಿಯಲು ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಎರಡು ವಾರ ಹಾಳು ಮಾಡಿದ್ದೆ. ಇವತ್ತು ಗೊತ್ತಾಯಿತು. ಧನ್ಯವಾದ ಭಟ್ಟರೇ, ದಿನ ಕೆಡಿಸಿದಿರಿ.

ಪೇಟಿ_ಮಾಸ್ತರ_ಧಾರವಾಡ | ಸಂಜೆ 5:30

ಇಂಗ್ಲೆಂಡಿನ ಸಂಗೀತಗಾರರ ಯೂನಿಯನ್ ಈ ವಾದ್ಯಕ್ಕೆ ಅಡ್ಡಗಾಲು ಹಾಕಿದ್ದನ್ನ ಯಾರೂ ಹೇಳಲಿಲ್ಲವಲ್ರೀ. ಹತ್ತು ಮಂದಿ ಪಿಟೀಲಿನವರ ಕೂಲಿ ಒಂದು ಪೆಟ್ಟಿಗೆ ಕಸಿದುಕೊಳ್ಳುತ್ತದೆ ಅನ್ನುವ ಹೆದರಿಕೆ. ಆ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ.

ಆದರೆ ಪೆಟ್ಟಿಗೆ ಬೈಸಿಕೊಳ್ಳುವುದು ನಮಗೇನು ಹೊಸದಲ್ಲ. ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಲ್ಲಿ ಹೊರಗೆ ಹಾಕಿತು. 1971ರವರೆಗೆ ಒಳಗೆ ಬಿಡಲಿಲ್ಲ. ಗಮಕ ಬರುವುದಿಲ್ಲ, ಶ್ರುತಿ ಸರಿಯಿಲ್ಲ, ವಿದೇಶಿ ಡಬ್ಬಿ ಅಂದರು. ಅಷ್ಟೂ ವರ್ಷ ನಮ್ಮ ಕಡೆ ಮನೆಮನೆಯೊಳಗೆ, ಭಜನೆಯೊಳಗೆ, ನಾಟಕ ಕಂಪನಿಯೊಳಗೆ ಪೇಟಿ ನುಡಿಯುತ್ತಲೇ ಇತ್ತು. ದೋಷ ಇರುವ ವಾದ್ಯ ಅಂತ ಗೊತ್ತಿದ್ದೇ ಪ್ರೀತಿ ಮಾಡಿದೆವು. ಕಿವಿಯವರೇ, ನಿಮ್ಮದೂ ಅದೇ ರೋಗ. ಔಷಧ ಇಲ್ಲ.

ಶ್ರುತಿ_ಸೇರಲಿ | 5:58

ಮಾಸ್ತರೇ, ಕ್ಷಮಿಸಿ, ಹಾರ್ಮೋನಿಯಂ ಬಗ್ಗೆ ಅಂದ ಮಾತು ಅರ್ಧ ನಿಜವೇ. ನಾನು ಹಾಡುವವಳು. ಅದರ ಗಾಂಧಾರ ನನ್ನ ಗಾಂಧಾರಕ್ಕೆ ಯಾವತ್ತೂ ಸೇರಿಲ್ಲ. ಅಲ್ಲಿಗೆ ಬಂದಾಗಲೆಲ್ಲ ಹಲ್ಲಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ.

ಪೇಟಿ_ಮಾಸ್ತರ_ಧಾರವಾಡ | 6:04

ನುಡಿಸುವವರು ಸರಿ ಇರಬೇಕ್ರೀ ತಂಗಿ. ಗಾಂಧಾರ ಬೇಕಾದಲ್ಲಿ ಮುಟ್ಟಿಯೂ ಮುಟ್ಟದ ಹಾಗೆ ಬಿಡುವುದು ಒಂದು ಕಲೆ. ಒಮ್ಮೆ ಧಾರವಾಡಕ್ಕೆ ಬರ್ರಿ, ಕೇಳಿಸುತ್ತೇನೆ. ಪೇಢಾ ನನ್ನ ಲೆಕ್ಕ.

ಶ್ರುತಿ_ಸೇರಲಿ | 6:11

ಪೇಢಾಕ್ಕೆ ಬರುತ್ತೇನೆ, ಗಾಂಧಾರಕ್ಕಲ್ಲ 😄

ಆದರೆ ಒಂದು ಮಾತು ಒಪ್ಪುತ್ತೇನೆ. ನಾನು ದಿನಾ ಬೆಂಗಳೂರಲ್ಲೇ ತಯಾರಾಗುವ ಎಲೆಕ್ಟ್ರಾನಿಕ್ ತಂಬೂರಿ ಹಾಕಿಕೊಂಡು ಸಾಧನೆ ಮಾಡುತ್ತೇನೆ. ಶ್ರುತಿ ಕದಲುವುದೇ ಇಲ್ಲ. ಮರದ ತಂಬೂರಿ ಹಾಗಲ್ಲ. ಹತ್ತು ನಿಮಿಷಕ್ಕೊಮ್ಮೆ ಬಿರಡೆ ಮುಟ್ಟಬೇಕು. ಮಳೆಗಾಲದಲ್ಲಿ ಅದಕ್ಕೆ ಬೇರೆಯೇ ಮೂಡು. ಆದರೂ ಗುರುಗಳ ಮನೆಯಲ್ಲಿ ಮರದ ತಂಬೂರಿ ಮೀಟಿದ ದಿನ ಗಂಟಲು ತಾನಾಗಿ ತೆರೆಯುತ್ತದೆ. ನಾಲ್ಕು ತಂತಿ ನಾಲ್ಕು ಬಗೆಯಲ್ಲಿ ಕಂಪಿಸುತ್ತವೆ, ಒಂದು ಇನ್ನೊಂದನ್ನು ಹುಡುಕಿಕೊಂಡು ಹೋದ ಹಾಗೆ. ಕಿವಿಯವರಿಗೆ ಮೈ ಜುಂ ಅಂದಿದ್ದೂ ಅಂಥದ್ದೇ ಇರಬಹುದು.

ಸಿಂಥ್_ಸುಮಾ | 6:40

ಇದನ್ನು ಒಪ್ಪಲ್ಲ. ತಂಬೂರಿ ಪ್ರತಿ ಸಲ ಬೇರೆ. ಮೆಲೊಟ್ರಾನ್ ಅದೇ ಟೇಪನ್ನು ಮತ್ತೆ ಮತ್ತೆ ಹಾಕುತ್ತದೆ! 1964ರಲ್ಲಿ ಯಾರೋ ಒಮ್ಮೆ ನುಡಿಸಿದ 'ಸ', ಅದೇ 'ಸ' ಸಾವಿರ ಸಲ. 'ಜೀವಂತ ವಾದ್ಯ' ಅಂತ ಹೊಗಳುವುದು ತಮಾಷೆ ಅನಿಸುತ್ತದೆ. ಅದು ಪ್ರಪಂಚದ ಮೊದಲ ಸ್ಯಾಂಪ್ಲರ್‌ಗಳಲ್ಲಿ (ರೆಕಾರ್ಡ್ ಮಾಡಿದ ದನಿಯನ್ನು ಕೀ ಒತ್ತಿ ನುಡಿಸುವ ವಾದ್ಯ) ಒಂದು. ನನ್ನ ಲ್ಯಾಪ್‌ಟಾಪಿನ ಅಜ್ಜಿ ಅಷ್ಟೇ.

ಹಳೇಪೇಟೆ_ರೇಡಿಯೊ | 7:25

ಸುಮಾ ಅವರೇ, ಅಜ್ಜಿ ಅನ್ನುವುದು ಸರಿ. ಆದರೆ ಅಜ್ಜಿಗೆ ಗೊತ್ತಿದ್ದ ಒಂದು ವಿದ್ಯೆಯನ್ನು ಮೊಮ್ಮಕ್ಕಳು ಬಹಳ ದಿನ ಮರೆತಿದ್ದರು.

ಎಂಬತ್ತರ ದಶಕದ ಸ್ಯಾಂಪ್ಲರ್‌ಗಳಲ್ಲಿ ಮೆಮೊರಿ ಕಮ್ಮಿ. ಹಾಗಾಗಿ ಒಂದು ಸ್ವರ ರೆಕಾರ್ಡ್ ಮಾಡಿ ಅದನ್ನೇ ಅಕ್ಕಪಕ್ಕದ ಏಳೆಂಟು ಕೀಗಳಿಗೆ ಎಳೆದು ಹಾಕುತ್ತಿದ್ದರು. ಮೇಲಕ್ಕೆ ಹೋದಂತೆ ಪಿಟೀಲಿನ ಕಂಪನ ಬೇಗ ಬೇಗ ಆಗುತ್ತದೆ, ಕೆಳಕ್ಕೆ ಬಂದರೆ ನಿಧಾನ. ಮನುಷ್ಯರ ದನಿಯಾದರೆ ಇನ್ನೂ ಮೋಜು, ಮೇಲೆ ಇಲಿ, ಕೆಳಗೆ ರಾಕ್ಷಸ. ಮೆಲೊಟ್ರಾನ್‌ನಲ್ಲಿ ಆ ಮೋಸ ಇಲ್ಲ. 35 ಕೀಗೂ 35 ಸಲ ಬೇರೆ ಬೇರೆ ನುಡಿಸಿದ್ದಾರೆ. ಒಂದು ಸ್ವರ ಸ್ವಲ್ಪ ಜೋರು, ಒಂದು ಸ್ವಲ್ಪ ತಡ, ಒಂದರಲ್ಲಿ ಕಮಾನು ನಡುಗಿದೆ. ಮೂರು ಕೀ ಒಟ್ಟಿಗೆ ಒತ್ತಿದರೆ ಮೂರು ಬೇರೆ ಗಳಿಗೆಗಳು ಒಟ್ಟಿಗೆ ಕೇಳುತ್ತವೆ. ನಡುವೆ ತಿಕ್ಕಾಟ ಇದ್ದೇ ಇರುತ್ತದೆ.

ಟೇಪ್‌ರಿಪೇರಿ_ರಾಜಣ್ಣ | 7:50

ಅದರ ಮೇಲೆ ಮೆಷಿನ್ನಿನ ಪಾಲೂ ಸೇರಿಸಿ. ಟೇಪ್ ಅದೇ ಇರಬಹುದು, ಓಟ ಅದೇ ಇರಲ್ಲ. ಕೀ ಮೆತ್ತಗೆ ಒತ್ತಿದರೆ ಪ್ಯಾಡು ಟೇಪನ್ನು ಹೆಡ್ಡಿಗೆ ಪೂರ್ತಿ ತಾಗಿಸುವುದಿಲ್ಲ. ದನಿ ಮಂಕಾಗಿ, ಬಟ್ಟೆ ಮುಚ್ಚಿದ ಹಾಗೆ ಬರುತ್ತದೆ. ಗಟ್ಟಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ನಾವು ಚಿಕ್ಕವರಿದ್ದಾಗ ಡೆಕ್ಕಿನ ಪ್ಲೇ ಬಟನ್ ಅರ್ಧ ಒತ್ತಿ ಆಟ ಆಡುತ್ತಿರಲಿಲ್ಲವೇ, ಅದೇ. ಅಪ್ಪ ಬೆನ್ನಿಗೆ ಎರಡು ಬಿಡುವವರೆಗೂ.

ಸಿಂಥ್_ಸುಮಾ | 7:58

ಹ್ಞಾಂ, ಈ ಅರ್ಧ ಒತ್ತುವ ವಿಷಯ ಗೊತ್ತಿರಲಿಲ್ಲ. ಒಂದು ಪಾಯಿಂಟ್ ನಿಮಗೆ.

ಕಾಫಿ_ಕ್ರಿಮ್ಸನ್ | ರಾತ್ರಿ 9:15

ತಡವಾಗಿ ಬಂದೆ. 'ಸ್ಟೇರ್‌ವೇ ಟು ಹೆವನ್' ಶುರುವಿನ ಕೊಳಲು, ಆಮೇಲೆ 10ಸಿಸಿ ತಂಡದ 'ಐ ಆಮ್ ನಾಟ್ ಇನ್ ಲವ್' ಹಾಡಿನ ಮೋಡದಂಥ ಕೋರಸ್. ಮೆಲೊಟ್ರಾನ್ ಅಂದರೆ ನನಗೆ ಇವೆರಡೇ. ಇದಕ್ಕಿಂತ ಚೆನ್ನಾಗಿ ಯಾರೂ ಬಳಸಿಲ್ಲ.

ಹಳೇಪೇಟೆ_ರೇಡಿಯೊ | 9:21

ಎರಡೂ ಮೆಲೊಟ್ರಾನ್ ಅಲ್ಲ 🙂

ಕಾಫಿ_ಕ್ರಿಮ್ಸನ್ | 9:22

ಏನ್ ಹೇಳ್ತಿದ್ದೀರಾ ಸರ್!

ಹಳೇಪೇಟೆ_ರೇಡಿಯೊ | 9:36

'ಸ್ಟೇರ್‌ವೇ' ರೆಕಾರ್ಡಿನಲ್ಲಿರುವುದು ಜಾನ್ ಪಾಲ್ ಜೋನ್ಸ್ ನಿಜವಾಗಿ ಊದಿದ ರೆಕಾರ್ಡರ್ ಕೊಳಲುಗಳು. ಸ್ಟೇಜಿನಲ್ಲಿ ಮೂರು ಕೊಳಲು ಒಟ್ಟಿಗೆ ಊದಲು ಆಗಲ್ಲವಲ್ಲ, ಅಲ್ಲಿ ಮೆಲೊಟ್ರಾನ್ ನುಡಿಸುತ್ತಿದ್ದರು. ನೀವು ಲೈವ್ ಕೇಳಿದ್ದರೆ ನಿಮ್ಮ ತಪ್ಪಿಲ್ಲ.

10ಸಿಸಿಯದ್ದು ಇನ್ನೂ ದೊಡ್ಡ ಹುಚ್ಚು. 1975. ಮೂವರು ನಿಂತು ಒಂದೊಂದು ಸ್ವರವನ್ನೂ 16 ಸಲ ಹಾಡಿದರು. ಸ್ವರಕ್ಕೆ 48 ದನಿ, ಹದಿಮೂರು ಸ್ವರ, ಒಟ್ಟು 624. ಅವನ್ನು ಟೇಪ್ ಲೂಪ್ ಮಾಡಿ, ಮಿಕ್ಸರ್ ಹಿಡಿಗಳನ್ನು ಏರಿಸಿ ಇಳಿಸಿ ನುಡಿಸಿದರು. ಒಂದು ಹಾಡಿಗೋಸ್ಕರ ತಮ್ಮದೇ ಮೆಲೊಟ್ರಾನ್ ಕಟ್ಟಿಕೊಂಡರು ಅನ್ನಿ, ಬೇಕಾದರೆ.

ನಿಜವಾದ ಮೆಲೊಟ್ರಾನ್ ಕೊಳಲು ಬೇಕಾ? ಬೀಟಲ್ಸ್‌ನ 'ಸ್ಟ್ರಾಬೆರಿ ಫೀಲ್ಡ್ಸ್', 1967.

ಬರ್ಮಿಂಗ್‌ಹ್ಯಾಮ್_ಭಟ್ಟರು | 9:50

ಆ ಬೀಟಲ್ಸ್‌ಗೆ ಇದರ ರುಚಿ ಹತ್ತಿಸಿದವರೂ ನಮ್ಮೂರಿನವರೇ. ಮೈಕ್ ಪಿಂಡರ್, ಮೂಡಿ ಬ್ಲೂಸ್ ತಂಡದವರು. ತಂಡ ಕಟ್ಟುವ ಮೊದಲು ಹದಿನೆಂಟು ತಿಂಗಳು ಇದೇ ಕಾರ್ಖಾನೆಯಲ್ಲಿ ಮೆಷಿನ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಎಲ್ಲಿ ಕೆಡುತ್ತದೆ, ಎಲ್ಲಿ ಗುದ್ದಿದರೆ ಸರಿಹೋಗುತ್ತದೆ ಎಲ್ಲಾ ಗೊತ್ತು. ಮಾರ್ಕ್ 2ರ ಎಡಗಡೆಯ ವಾಲ್ಟ್ಜ್-ಗೀಲ್ಟ್ಜ್ ಎಲ್ಲ ಕಿತ್ತುಹಾಕಿ, ಅಲ್ಲೂ ಪಿಟೀಲು, ಕೊಳಲಿನ ಟೇಪ್ ಹಾಕಿಕೊಂಡರು. 1967ರ 'ನೈಟ್ಸ್ ಇನ್ ವೈಟ್ ಸ್ಯಾಟಿನ್' ಕೇಳಿ. ಅವರು 2024ರಲ್ಲಿ ತೀರಿಕೊಂಡರು.

ಕಾಫಿ_ಕ್ರಿಮ್ಸನ್ | 10:05

ಸರಿ, ಎರಡು ಗೋಲ್ ಹೊಡೆಸಿಕೊಂಡೆ. ಮೂರನೆಯದು ನನ್ನದು, ಬಿಡಿ.

ಇಲ್ಲಿ ಎಲ್ಲರೂ ದೋಷ, ದೋಷ ಅಂತ ಮಾತಾಡುತ್ತಿದ್ದೀರಿ. ದೋಷ ಇದ್ದರೂ ಚೆಂದ ಅಂತ. ನನ್ನ ತಕರಾರು ಬೇರೆ. ದೋಷವೇ ಹಾಡಿನ ಆಕಾರ ಕಟ್ಟಿತು. ಜೆನೆಸಿಸ್ ತಂಡದ 'ವಾಚರ್ ಆಫ್ ದ ಸ್ಕೈಸ್' ತೆಗೆದುಕೊಳ್ಳಿ, 1972ರ 'ಫಾಕ್ಸ್‌ಟ್ರಾಟ್' ಆಲ್ಬಮ್. ಟೋನಿ ಬ್ಯಾಂಕ್ಸ್ ಹತ್ತಿರ ಇದ್ದದ್ದು ಕಿಂಗ್ ಕ್ರಿಮ್ಸನ್‌ನಿಂದ ಕೊಂಡ ಹಳೇ ಮಾರ್ಕ್ 2. ಶ್ರುತಿ ಅಷ್ಟಕ್ಕಷ್ಟೇ. ಎಷ್ಟೋ ಕಾರ್ಡುಗಳು (ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲು) ಅದರಲ್ಲಿ ಅಸಹ್ಯವಾಗಿ ಕೇಳುತ್ತಿದ್ದವು. ಎರಡು ಕಾರ್ಡ್ ಮಾತ್ರ ಅದ್ಭುತವಾಗಿ ಕೇಳಿದವು, ಅವನ್ನೇ ಹಿಡಿದು ಆ ಶುರು ಕಟ್ಟಿದೆ ಅಂತ ಬ್ಯಾಂಕ್ಸ್ ಅವರೇ ಹೇಳಿದ್ದಾರೆ. ಅಂದರೆ ಆ ಹಾಡಿನ ಅರ್ಧ ಸಂಯೋಜಕ ಆ ಪೆಟ್ಟಿಗೆಯೇ!

ಎಂಟು ಸೆಕೆಂಡಿನದ್ದೂ ಅಷ್ಟೇ. ಕಾರ್ಡ್ ಹಿಡಿದು ಸುಮ್ನೆ ಕೂತರೆ ದನಿ ಸತ್ತುಹೋಗುತ್ತದೆ. ಅದಕ್ಕೆ ನುಡಿಸುವವರು ಒಂದೊಂದೇ ಬೆರಳು ಎತ್ತಿ, ಅದೇ ಕಾರ್ಡಿನ ಬೇರೆ ಸ್ವರಕ್ಕೆ ಹೋಗಿ, ಜೇಡ ನಡೆದ ಹಾಗೆ ಕೈ ಆಡಿಸುತ್ತಾರೆ. ಒಂದು ಟೇಪ್ ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಿರುತ್ತದೆ. ಹಾಗಾಗಿ ಆ ತಂತಿವಾದ್ಯಗಳು ನಿಂತಲ್ಲಿ ನಿಲ್ಲುವುದಿಲ್ಲ, ಒಳಗೊಳಗೇ ಅಲುಗುತ್ತಿರುತ್ತವೆ. ಗೋಷ್ಠಿಯಲ್ಲಿ ಹಾಡುವವರು ಸರದಿಯಲ್ಲಿ ಉಸಿರು ತೆಗೆದುಕೊಂಡ ಹಾಗೆ. 1969ರಲ್ಲಿ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' ಬಂದಾಗ ಇಯಾನ್ ಮೆಕ್‌ಡೊನಾಲ್ಡ್ ಈ ಪೆಟ್ಟಿಗೆಯನ್ನು ಚರ್ಚಿನಷ್ಟು ದೊಡ್ಡದಾಗಿ ಕೇಳಿಸಿದರು. ಆದರೂ ಹತ್ತಿರ ಹೋಗಿ ಕೇಳಿದರೆ ಅದು ಮೂರೇ ಮೂರು ಪಿಟೀಲು.

ಕಿವಿಯವರೇ, ನಿಮ್ಮ ಅರವತ್ತು ಜನರ ಲೈಬ್ರರಿಯಲ್ಲಿ ಕಾರ್ಡ್ ಎಷ್ಟು ಹೊತ್ತು ಹಿಡಿದರೂ ನಿಲ್ಲುತ್ತದೆ. ಅದಕ್ಕೇ ನಿಮ್ಮ ಕೈ ಸೋಮಾರಿಯಾಯಿತು. ಧಾರಾವಾಹಿ ಬಂದಿದ್ದು ಅಲ್ಲಿಂದ.

ಶ್ರುತಿ_ಸೇರಲಿ | 10:18

ಆಹಾ. ಇದನ್ನೇ ನಾನು ಹೇಳಲು ಒದ್ದಾಡುತ್ತಿದ್ದೆ.

ಪೇಟಿ_ಮಾಸ್ತರ_ಧಾರವಾಡ | 10:25

ಪೇಟಿಗೂ ಬಾತೆ (ಗಾಳಿ ತುಂಬುವ ತಿದಿ) ಹಾಕುತ್ತಲೇ ಇರಬೇಕು ನೋಡ್ರಿ. ಕೈ ನಿಂತರೆ ದನಿ ನಿಂತಿತು.

ನಿರ್ವಾಹಕ | 10:30

ಹಾರ್ಮೋನಿಯಂ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ. ದಯವಿಟ್ಟು ಗಾಂಧಾರವನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಗಿರಿನಗರದ_ಕಿವಿ | ಸೋಮವಾರ ಬೆಳಿಗ್ಗೆ 8:10

ಇಷ್ಟೆಲ್ಲಾ ಓದಿ ತಲೆ ಕೆಟ್ಟಿದೆ. ಈಗ ನನಗೆ ನಿಜವಾದ ಮೆಷಿನ್ನೇ ಬೇಕು. ಎಂ400 ಮಾದರಿ ಯಾರಾದರೂ ವಿದೇಶದಿಂದ ತರಿಸಿದ್ದೀರಾ? ಮನೆಯವರಿಗೆ ಇನ್ನೂ ಹೇಳಿಲ್ಲ.

ಹಳೇಪೇಟೆ_ರೇಡಿಯೊ | 8:45

ಹೇಳುವ ಮೊದಲು ಇದನ್ನು ಓದಿ. ಎಂ400 ಬಂದಿದ್ದು 1970ರಲ್ಲಿ. ಟೂರಿಗೆ ಹೋಗುವವರಿಗೆ ಅಂತ 'ಹಗುರ' ಮಾಡಿದ ಮಾದರಿ, ಆ ಹಗುರ ಅಂದರೆ 55 ಕಿಲೊ. ನಿಮ್ಮ ಮನೆ ಎರಡನೇ ಮಹಡಿ ಅಲ್ವಾ? ಟೇಪಿನಲ್ಲಿ ಮೂರು ಸಾಲು, ಅಂದರೆ ಒಂದು ಫ್ರೇಮಿಗೆ ಮೂರೇ ದನಿ. ಬೇರೆ ದನಿ ಬೇಕೆಂದರೆ ಮುಚ್ಚಳ ತೆಗೆದು ಇಡೀ ಟೇಪ್ ಫ್ರೇಮ್ ಎತ್ತಿ ಬದಲಾಯಿಸಬೇಕು. ಒಂದು ಗುಟ್ಟು: ದನಿ ಆರಿಸುವ ಹಿಡಿಯನ್ನು ಎರಡು ಸಾಲುಗಳ ನಡುವೆ ನಿಲ್ಲಿಸಿದರೆ ಎರಡೂ ದನಿ ಬೆರೆತು ಬರುತ್ತವೆ. ಪಿಟೀಲೂ ಕೊಳಲೂ ಒಟ್ಟಿಗೆ.

ಟೇಪ್‌ರಿಪೇರಿ_ರಾಜಣ್ಣ | 9:05

ಬೇಡ ಸ್ವಾಮಿ. ರಿಪೇರಿಯವನಾಗಿ ಹೇಳುತ್ತೇನೆ, ಬೇಡ. ಬೆಂಗಳೂರಿನ ಧೂಳು, ಜುಲೈ ತಿಂಗಳ ತೇವ, ಕೆಇಬಿಯವರ ಕೃಪೆ. 35 ಪ್ಯಾಡು, 35 ರೋಲರ್ ಅಡ್ಜಸ್ಟ್ ಮಾಡುವ ಹೊತ್ತಿಗೆ ಮೊದಲನೆಯದು ಮತ್ತೆ ಹಾಳಾಗಿರುತ್ತದೆ. ನೀವು ನುಡಿಸುವವರಾ, ರಿಪೇರಿ ಮಾಡುವವರಾ, ಮೊದಲು ತೀರ್ಮಾನ ಮಾಡಿ.

ಬರ್ಮಿಂಗ್‌ಹ್ಯಾಮ್_ಭಟ್ಟರು | ಮಧ್ಯಾಹ್ನ 1:30

ಹೊಸದೂ ಸಿಗುತ್ತದೆ. ಹಳೇ ಕಂಪನಿ 1986ರಲ್ಲಿ ಮುಚ್ಚಿತು, ಫೇರ್‌ಲೈಟ್, ಎಮ್ಯುಲೇಟರ್ ಥರದ ಡಿಜಿಟಲ್ ಸ್ಯಾಂಪ್ಲರ್‌ಗಳು ಬಂದಿದ್ದವಲ್ಲ. ಆಮೇಲೆ ಲೆಸ್ ಬ್ರಾಡ್ಲಿಯವರ ಮಗ ಜಾನ್, ಮಾರ್ಟಿನ್ ಸ್ಮಿತ್ ಜೊತೆ ಸೇರಿ ಸ್ಟ್ರೀಟ್ಲಿ ಎಲೆಕ್ಟ್ರಾನಿಕ್ಸ್ ಹೆಸರಲ್ಲಿ ಮತ್ತೆ ಶುರು ಮಾಡಿದರು. 2007ರಲ್ಲಿ ಎಂ4000 ಅಂತ ಟೇಪಿನದ್ದೇ ಹೊಸ ಮಾದರಿ ತಂದರು. ಸ್ವೀಡನ್ನಿನಲ್ಲಿ ಮಾರ್ಕುಸ್ ರೆಷ್ ಮೆಲೊಟ್ರಾನ್ ಹೆಸರಿನಲ್ಲೇ ಮಾಡುತ್ತಾರೆ, ಅವರದ್ದೇ ಡಿಜಿಟಲ್ ಮಾದರಿಯೂ ಇದೆ. ಅದು ಎತ್ತಲು ಸುಲಭ, ಮನೆಯವರಿಂದ ಬಚ್ಚಿಡಲೂ ಸುಲಭ.

ಸಿಂಥ್_ಸುಮಾ | 1:52

ಯಾವುದೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಪ್ಲಗಿನ್‌ನಲ್ಲಿ (ಕಂಪ್ಯೂಟರಿನಲ್ಲಿ ಮೆಲೊಟ್ರಾನ್ ದನಿ ಕೊಡುವ ಸಾಫ್ಟ್‌ವೇರ್) ಸ್ವರವನ್ನು ಲೂಪ್ ಮಾಡುವ ಬಟನ್ ಇರುತ್ತದೆ. ಅದನ್ನು ಆಫ್ ಮಾಡಿ, ದನಿಯನ್ನು ಎಂಟು ಸೆಕೆಂಡಿಗೆ ಸಾಯಲು ಬಿಡಿ. ಒಂದು ವಾರ ಹಾಗೇ ನುಡಿಸಿ. ಕಾಫಿಯವರು ಹೇಳಿದ್ದು ನಿಜವಾದರೆ ನಿಮಗೇ ಗೊತ್ತಾಗುತ್ತದೆ. ಸುಳ್ಳಾದರೆ ದುಡ್ಡು ಉಳಿಯಿತು.

ಗಿರಿನಗರದ_ಕಿವಿ | ಮುಂದಿನ ಶನಿವಾರ, ರಾತ್ರಿ 11:20

ವರದಿ ಒಪ್ಪಿಸುತ್ತಿದ್ದೇನೆ.

ಲೂಪ್ ಆಫ್ ಮಾಡಿದೆ. ಮೊದಲ ಮೂರು ದಿನ ಮಾನ ಹೋಯಿತು. 'ಸ್ಟಾರ್‌ಲೆಸ್' ಶುರುವಿನಲ್ಲೇ ಕಾರ್ಡ್ ನಡುವೆ ದನಿ ನಿಂತು, ಮನೆಯಲ್ಲಿ "ಕರೆಂಟ್ ಹೋಯ್ತಾ?" ಅಂತ ಕೇಳಿದರು. ನಾಲ್ಕನೇ ದಿನ ಬೆರಳು ತಾನಾಗಿ ಜಾಗ ಬದಲಾಯಿಸಲು ಶುರು ಮಾಡಿತು. ಕೆಳಗಿನ ಸ್ವರ ಬಿಡುವ ಮೊದಲು ಮೇಲಿನದು ಹಿಡಿಯುವುದು, ಆಮೇಲೆ ನಡುವಿನದು. ಎಣಿಸುವುದು ನಿಂತಿತು, ಉಸಿರು ನೋಡಿಕೊಂಡರೆ ಸಾಕು.

ಇವತ್ತು ಬ್ಯಾಂಡಿನಲ್ಲಿ ನುಡಿಸಿದೆ. ಹಾಡು ಮುಗಿದ ಮೇಲೆ ಡ್ರಮ್ಮರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ನೆಗಡಿ ವಾಸಿಯಾಗಿಲ್ಲ, ಆದರೆ ಇವತ್ತು ಪಿಟೀಲು ಅತ್ತಿತು ಕಣೋ" ಅಂದ. ಅವನನ್ನು ಬದಲಾಯಿಸುವ ವಿಚಾರ ಸದ್ಯಕ್ಕಿಲ್ಲ.

ಕಾಫಿ_ಕ್ರಿಮ್ಸನ್ | 11:26

ಮೂರನೇ ಗೋಲ್ ನನ್ನದು ಅಂತ ಹೇಳಿದ್ದೆ!

ಸಿಂಥ್_ಸುಮಾ | 11:31

ಅರ್ಧ ಗೋಲ್. ನುಡಿಸಿದ್ದು ಪ್ಲಗಿನ್‌ನಲ್ಲಿ, ನೆನಪಿರಲಿ.

ಟೇಪ್‌ರಿಪೇರಿ_ರಾಜಣ್ಣ | ಭಾನುವಾರ ಬೆಳಿಗ್ಗೆ 6:50

ಸಂಬಂಧ ಇಲ್ಲದ ವಿಷಯ. ಇಷ್ಟೆಲ್ಲಾ ಮಾತಾಡಿದ ಮೇಲೆ ಅಟ್ಟದಿಂದ ಹಳೇ ಡೆಕ್ ಇಳಿಸಿದೆ. ಬೆಲ್ಟ್ ಕರಗಿ ಬೆಲ್ಲದ ಪಾಕ ಆಗಿದೆ, ಪಿಂಚ್ ರೋಲರ್ ಕಲ್ಲಾಗಿದೆ. 13 ಮಿಲಿಮೀಟರಿನ ರೋಲರ್ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಅಕ್ಕನ ಮದುವೆ ಕ್ಯಾಸೆಟ್ ಇನ್ನೂ ಇದೆ.